ಒಂದು ಗಣಕದ ಜೀರ್ಣೋದ್ಧಾರ

ಹಳೆಯ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಚಂದಾ ಕೇಳಲು ಹೋದವರನ್ನು ನಮ್ಮ ಜನ ಒಳಗೆ ಕರೆದು ಕೂರಿಸಿ ಕಾಫಿ ಕೊಡುತ್ತಾರೆ. ಹಳೆಯ ಗೋಡೆ ಗಡಿಯಾರವನ್ನು ಬಿಚ್ಚಿಕೊಂಡು ಕುಳಿತವನನ್ನು ಕಂಡರೆ ರಸಿಕನೆನ್ನುತ್ತಾರೆ. ಹಳೆಯ ಕಂಪ್ಯೂಟರೊಂದನ್ನು ಬಿಚ್ಚಿ ಊಟದ ಮೇಜಿನ ತುಂಬ ಹರಡಿಕೊಂಡವನಿಗೆ ಮಾತ್ರ ಅಂಥ ಮರ್ಯಾದೆ ಇನ್ನೂ ದೊರೆತಿಲ್ಲ. “ಇದರಿಂದ ಈಗ ಏನು ಪ್ರಯೋಜನ?” ಎಂದು ಕೇಳುವವರೇ ಎಲ್ಲರೂ. ನನ್ನ ಮನೆಯಾಕೆ ಅಷ್ಟನ್ನೂ ಕೇಳುವುದಿಲ್ಲ. ಮೇಜು ಯಾವಾಗ ಖಾಲಿಯಾಗುತ್ತದೆಂದು ಕೇಳಿ ಸುಮ್ಮನಾಗುತ್ತಾಳೆ.

ಮೇಜಿನ ಮೇಲಿರುವುದು ಬಿ.ಬಿ.ಸಿ. ಮೈಕ್ರೊ ಎಂಬ ಯಂತ್ರ. ಬ್ರಿಟನ್ನಿನ ಪ್ರಸಾರ ಸಂಸ್ಥೆ ಜನಸಾಮಾನ್ಯರಿಗೆ ಕಂಪ್ಯೂಟರಿನ ಪರಿಚಯ ಮಾಡಿಕೊಡಲು ಟೆಲಿವಿಷನ್ ಪಾಠಗಳನ್ನು ಯೋಜಿಸಿ, ಅದಕ್ಕೆ ತಕ್ಕ ಯಂತ್ರವನ್ನು ಹುಡುಕಿದಾಗ, ಕೇಂಬ್ರಿಜ್ಜಿನ ಆಕಾರ್ನ್ ಕಂಪೆನಿ 1981ರ ಡಿಸೆಂಬರಿನಲ್ಲಿ ಇದನ್ನು ಹೊರತಂದಿತು. ಕೀಲಿಮಣೆಯೂ ಕಂಪ್ಯೂಟರೂ ಒಂದೇ ಪೆಟ್ಟಿಗೆಯಲ್ಲಿ. ಮೇಲಿನ ಸಾಲಿನಲ್ಲಿ ಹತ್ತು ಕೆಂಪು ಕೀಲಿಗಳು. ಸ್ಮೃತಿ 32 ಕಿಲೋಬೈಟು. ಈ ಲೇಖನದಂಥ ಒಂದೆರಡು ಲೇಖನಗಳಿಗೆ ಅಷ್ಟು ಸ್ಥಳ ಸಾಕು. ಅದರೊಡನೆ ಒಂದು ಛಾಯಾಚಿತ್ರವನ್ನೂ ಇಡುತ್ತೇನೆಂದರೆ ಸಾಲದು.

ಭಾರತ ಸರ್ಕಾರ 1984–85ರಲ್ಲಿ ‘ಕ್ಲಾಸ್’ ಎಂಬ ಹೆಸರಿನಿಂದ ಶಾಲೆಗಳಲ್ಲಿ ಕಂಪ್ಯೂಟರು ಶಿಕ್ಷಣವನ್ನು ಆರಂಭಿಸಿದಾಗ ಮೊದಲು ಸುಮಾರು 250 ಶಾಲೆಗಳಿಗೆ ಬಂದದ್ದು ಈ ಯಂತ್ರವೇ. ಅನಂತರ ಒಂದು ವರ್ಷದೊಳಗೆ ಬಯಲುಸೀಮೆಯ ನಮ್ಮ ಶಾಲೆಗೂ ಎರಡು ಬಂದುವು. ನಾನಾಗ ಗಣಿತದ ಮೇಷ್ಟ್ರು, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಕೆಲವು ದಿನಗಳ ತರಬೇತಿ ಪಡೆದು ಬಂದವನೆಂದು ಅವುಗಳ ಉಸ್ತುವಾರಿ ನನ್ನ ಪಾಲಿಗೆ ಬಂದಿತು. ಪ್ರಯೋಗಶಾಲೆಯ ಪಕ್ಕದ ಕೋಣೆಗೆ ಪರದೆ ಹಾಕಿಸಿದೆವು. ಚಪ್ಪಲಿ ಹೊರಗೆ ಬಿಡಬೇಕೆಂದು ಬರೆದೆವು. ಬಾಗಿಲಿಗೆ ಬೀಗ ಬಿದ್ದಿತು. ಬೀಗದ ಕೈ ನನ್ನ ಜೇಬಿನಲ್ಲಿ.

ಈಗ ಹೇಳಿಕೊಳ್ಳುವುದಕ್ಕೆ ಸಂಕೋಚವಿಲ್ಲ: ನಾನು ಬೀಗ ಹಾಕಿದ್ದು ಧೂಳಿಗೆ ಹೆದರಿ ಅಲ್ಲ. ನನಗೆ ತಿಳಿದಿದ್ದುದು ಹತ್ತು ಪುಟದಷ್ಟು. ಹನ್ನೊಂದನೆಯ ಪುಟದ ಪ್ರಶ್ನೆ ಕೇಳುವ ಹುಡುಗ ಎಂದಾದರೂ ಬರುತ್ತಾನೆಂಬ ಭಯ ನನಗಿತ್ತು. ಅಂಥವನೊಬ್ಬ ಬಂದ. ಒಂಬತ್ತನೆಯ ತರಗತಿಯಲ್ಲಿದ್ದ, ದಿನಸಿ ಅಂಗಡಿಯವರ ಮಗ. ವಾರಕ್ಕೊಂದು ಪೀರಿಯಡ್ಡು ಸಾಲದೆ, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಲು ಬಿಡಿ ಸಾರ್ ಎಂದು ಬಾಗಿಲ ಬಳಿ ನಿಲ್ಲುತ್ತಿದ್ದ. ನಾಲ್ಕಾರು ಸಲ ಬಿಟ್ಟೆ. ಆಮೇಲೆ ನಿಯಮವನ್ನು ನೆನಪಿಸಿ ಕಳುಹಿಸತೊಡಗಿದೆ.

ನಾನು ನಿವೃತ್ತನಾದ ವರ್ಷ ಶಾಲೆಯ ಉಗ್ರಾಣವನ್ನು ಖಾಲಿ ಮಾಡಿದರು. ಎರಡು ಯಂತ್ರಗಳಲ್ಲಿ ಒಂದು ಎಲ್ಲಿ ಹೋಯಿತೋ ಪಟ್ಟಿಯಲ್ಲಿರಲಿಲ್ಲ. ಇನ್ನೊಂದು ಮುರಿದ ಬೆಂಚುಗಳೊಡನೆ ಹರಾಜಿಗೆ ಬಂದಿತು. ಒಂದು ಬೆಂಚಿನ ಬೆಲೆಗೆ ಅದನ್ನೂ, ಅದರ ಟೇಪ್ ರೆಕಾರ್ಡರನ್ನೂ, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಕ್ಯಾಸೆಟ್ಟುಗಳನ್ನೂ ಕೊಂಡು ಮನೆಗೆ ತಂದೆ.

ತಂದ ದಿನವೇ ಆತುರಪಟ್ಟು ಸ್ವಿಚ್ಚು ಹಾಕಿದ್ದು ನನ್ನ ಮೊದಲ ತಪ್ಪು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆಯ ಹಿಂಬದಿಯಿಂದ ದಟ್ಟವಾದ ಹೊಗೆ ಎದ್ದು, ಸುಟ್ಟ ಕಾಗದ, ಅರಗು, ಕಮಟು ಎಣ್ಣೆ ಮೂರೂ ಬೆರೆತ ನಾತ ಮನೆಯನ್ನೆಲ್ಲ ತುಂಬಿತು. ಈ ಹವ್ಯಾಸದವರಿಗೆಲ್ಲ ಆ ನಾತ ಚಿರಪರಿಚಿತವೆಂದು ಮುಂದೆ ತಿಳಿಯಿತು. ವಿದ್ಯುತ್ತು ಒಳಬರುವ ಬಾಗಿಲಲ್ಲೇ, ಅದರ ಸದ್ದನ್ನು ಸೋಸಲು, ಕಾಗದದ ಸುರುಳಿಯಿಂದ ಮಾಡಿದ ಎರಡು ಕೆಪ್ಯಾಸಿಟರುಗಳಿರುತ್ತವೆ. ಅವುಗಳ ಪಾರದರ್ಶಕ ಕವಚ ವರ್ಷಗಳು ಕಳೆದಂತೆ ಕೆರೆಯ ಒಣಮಣ್ಣಿನ ಹಾಗೆ ಬಿರಿಯುತ್ತದೆ. ಬಿರುಕಿನಿಂದ ತೇವ ಒಳಸೇರುತ್ತದೆ. ಮತ್ತೆ ವಿದ್ಯುತ್ತು ಹರಿದ ದಿನ ಸುಟ್ಟುಹೋಗುತ್ತವೆ. ಹೊಗೆಯನ್ನು ನೋಡಿದರೆ ಸರ್ವನಾಶವಾಯಿತೆನ್ನಿಸುತ್ತದೆ. ವಾಸ್ತವವಾಗಿ ಯಂತ್ರದ ಉಳಿದ ಭಾಗಕ್ಕೆ ಬಹುಮಟ್ಟಿಗೆ ಅಪಾಯವಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಹೊಸ ಕೆಪ್ಯಾಸಿಟರು ಕೊಂಡೆ. ಅಂಗಡಿಯವನು ಬೆಲೆ ಹೇಳಿದಾಗ, ಇಷ್ಟು ಸಣ್ಣ ಮೊತ್ತಕ್ಕೆ ಚೀಟಿ ಬರೆಯಬೇಕೆ ಎಂಬಂತೆ ನೋಡಿದ.

ಇಲ್ಲಿ ವಾಚಕರಿಗೆ ಒಂದು ಮಾತು. ಅಟ್ಟದ ಮೇಲೆ ಎಂಬತ್ತು ತೊಂಬತ್ತರ ದಶಕದ ಪಿ.ಸಿ. ಇಟ್ಟಿರುವವರು ಮೊದಲು ಅದನ್ನು ಬಿಚ್ಚಿ, ಬೋರ್ಡಿನ ಮೇಲೆ ಪುಟ್ಟ ಪೀಪಾಯಿಯಂಥ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇದೆಯೇ ನೋಡಬೇಕು. ಇದ್ದರೆ ಅದರಿಂದ ಒಸರುವ ಕ್ಷಾರ ತಾಮ್ರದ ಗೆರೆಗಳನ್ನು ಗೆದ್ದಲಿನಂತೆ ತಿನ್ನುತ್ತಿರುತ್ತದೆ. ಕಂಪ್ಯೂಟರು ಬೇಡದಿದ್ದರೂ ಬ್ಯಾಟರಿಯನ್ನು ಕಿತ್ತಿಡಿ, ಮೊಮ್ಮಕ್ಕಳಿಗಾದರೂ ಬೇಕಾದೀತು.

ಹೊಗೆಯ ಕಾಂಡ ಮುಗಿದ ಮೇಲೆ ಕೂಗಿನ ಕಾಂಡ. ಸ್ವಿಚ್ಚು ಹಾಕಿದೊಡನೆ ಯಂತ್ರ ಒಂದೇ ಸ್ವರದಲ್ಲಿ ಕೂಗತೊಡಗಿ ನಿಲ್ಲಿಸಲೇ ಇಲ್ಲ. ಇದರ ಕಾರಣ ಬಹಳ ಸೊಗಸಾಗಿದೆ. ವಿದ್ಯುತ್ತು ಬಂದ ಕ್ಷಣವೇ ಧ್ವನಿಯ ಚಿಪ್ ತಾನಾಗಿ ಕೂಗಲಾರಂಭಿಸುತ್ತದೆ. ಪ್ರೊಸೆಸರು ಎಚ್ಚೆತ್ತು, ರೋಮ್ ಚಿಪ್‌ನಲ್ಲಿ ಬರೆದಿರುವ ಆದೇಶಗಳನ್ನು ಓದಿ, ಅದನ್ನು ಸುಮ್ಮನಾಗಿಸಿ, ತಾನು ಎದ್ದೆನೆಂಬುದರ ಗುರುತಾಗಿ ‘ಬೀಪ್’ ಎನ್ನಿಸುತ್ತದೆ. ಕೂಗು ನಿಲ್ಲಲಿಲ್ಲವೆಂದರೆ, ಮಗು ಅಳುತ್ತಿದೆ, ತಾಯಿ ಎದ್ದಿಲ್ಲ ಎಂದೇ ಅರ್ಥ.

ಈ ಯಂತ್ರಗಳ ಮೇಲೆ ನನಗೆ ಮೋಹ ಹುಟ್ಟಿದ್ದು ಈ ಘಟ್ಟದಲ್ಲಿ. ಇದರ ಪ್ರೊಸೆಸರು 6502. ಅದರಲ್ಲಿ ಸುಮಾರು 3,500 ಟ್ರಾನ್ಸಿಸ್ಟರುಗಳಿವೆ. ನಮ್ಮ ಜೇಬಿನ ಫೋನುಗಳ ಚಿಪ್‌ನಲ್ಲಿ ಆ ಸಂಖ್ಯೆ ಸಾವಿರ ಕೋಟಿಯನ್ನು ದಾಟಿದ್ದುಂಟು. ಅದನ್ನು ಒಬ್ಬ ಮನುಷ್ಯ ಕುಳಿತು ಪೂರ್ಣವಾಗಿ ಅರಿಯುವುದು ಸಾಧ್ಯವಿಲ್ಲ. ಕೆಟ್ಟರೆ ಬಿಸಾಡುವುದೊಂದೇ ದಾರಿ. ಬಿ.ಬಿ.ಸಿ. ಮೈಕ್ರೊದ ಸರ್ಕ್ಯೂಟ್ ನಕ್ಷೆಯನ್ನಾದರೋ ಮೇಜಿನ ಮೇಲೆ ಹಾಸಿಕೊಂಡು, ಬೆರಳಿಟ್ಟು, ಈ ಗೆರೆ ಇಲ್ಲಿಂದ ಹೊರಟು ಅಲ್ಲಿ ಸೇರುತ್ತದೆಂದು ಕೊನೆಯವರೆಗೆ ಓದಬಹುದು. ಮೂವತ್ತು ವರ್ಷ ಬೀಗ ಹಾಕಿಟ್ಟ ಹನ್ನೊಂದನೆಯ ಪುಟವನ್ನು ನಾನು ಓದಿದ್ದು ಹೀಗೆ. (ಈ ಯಂತ್ರವನ್ನು ರೂಪಿಸಿದವರಲ್ಲಿ ಮುಖ್ಯರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ 1985ರ ಹೊತ್ತಿಗೆ ಆರ್ಮ್ ಎಂಬ ಪ್ರೊಸೆಸರನ್ನು ಸಿದ್ಧಪಡಿಸಿದರು, ಇಂದಿನ ಫೋನುಗಳ ವಂಶವೃಕ್ಷ ಅಲ್ಲಿಗೆ ಹೋಗಿ ಮುಟ್ಟುತ್ತದೆ.)

ಕೀಲಿಮಣೆಯನ್ನು ಎತ್ತಿ ನೋಡಿದರೆ ಅಡಿಯಲ್ಲಿ ರೋಮ್ ಚಿಪ್‌ಗಳು ತಮ್ಮ ಸಾಕೆಟ್ಟುಗಳಲ್ಲಿ ಕುಳಿತಿದ್ದುವು. ಅವುಗಳ ಕಾಲುಗಳೆಲ್ಲ ಹಳೆಯ ಬೆಳ್ಳಿಯ ದೀಪದಂತೆ ಕಪ್ಪಾಗಿದ್ದುವು. ಒಂದನ್ನು ಮೆಲ್ಲನೆ ಎಬ್ಬಿಸಿ, ಕಾಲುಗಳನ್ನು ಉಜ್ಜಿ, ಮತ್ತೆ ಕೂರಿಸಿದೆ. ಸ್ವಿಚ್ಚು ಹಾಕಿದರೆ ಕೂಗು ನಿಂತು ‘ಬೀಪ್’ ಎಂದಿತು. ಹಳೆಯ ಟೆಲಿವಿಷನ್ನಿನ ಪರದೆಯಲ್ಲಿ ಬಿಳಿಯ ಅಕ್ಷರ ಮೂಡಿದುವು: ‘ಬಿ.ಬಿ.ಸಿ. ಕಂಪ್ಯೂಟರ್ 32ಕೆ’. ಅದರ ಕೆಳಗೆ ಒಂದೇ ಒಂದು ಪದ, ಮುಂದೆ ಪ್ರಶ್ನೆಯ ಚಿಹ್ನೆ: ‘ಲ್ಯಾಂಗ್ವೇಜ್?’

ಯಾವ ಭಾಷೆ? ಎಂದು ಕೇಳುತ್ತಿದೆ! ಕನ್ನಡ ಮೇಷ್ಟ್ರಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ. ಯಂತ್ರದ ಅಭಿಪ್ರಾಯ ಬೇರೆ: ಬೇಸಿಕ್ ಭಾಷೆಯನ್ನು ಹೊತ್ತಿರುವ ಚಿಪ್ ತನಗೆ ಕಾಣುತ್ತಿಲ್ಲ, ಎಚ್ಚರವಾಗಿದ್ದೇನೆ, ಮಾತು ಮಾತ್ರ ಬರುತ್ತಿಲ್ಲ ಎಂದು ಅದರ ಅಳಲು.

ಆ ಚಿಪ್ಪನ್ನು ಎಬ್ಬಿಸುವಾಗ ಇಪ್ಪತ್ತೆಂಟು ಕಾಲುಗಳಲ್ಲಿ ಒಂದು ಮುರಿದು ಸಾಕೆಟ್ಟಿನಲ್ಲೇ ಉಳಿಯಿತು. ಎದೆ ಧಸಕ್ಕೆಂದಿತು. ಬೆಂಗಳೂರಿನಲ್ಲಿ ಇದೇ ಹವ್ಯಾಸದಲ್ಲಿರುವ ಗೆಳೆಯರಿಗೆ ಫೋನು ಮಾಡಿದರೆ, “ಅದಕ್ಕೇಕೆ ಒದ್ದಾಡುತ್ತೀರಿ? ಅದೇ ಪಾಠವನ್ನು ಹೊಸ ಚಿಪ್‌ಗೆ ಬರೆದು ಕಳಿಸುತ್ತೇನೆ, ಹಾಕಿಕೊಳ್ಳಿ” ಎಂದರು. ಅವರು ಹೇಳಿದ್ದು ಸರಿಯೇ. ಯಂತ್ರಕ್ಕೆ ವ್ಯತ್ಯಾಸ ತಿಳಿಯದು. ನನಗೆ ತಿಳಿಯುತ್ತದಲ್ಲ! ವೈರಿನ ಎಳೆಯೊಂದನ್ನು ಮುರಿದ ಮೋಟಿಗೆ ಬೆಸೆಯಲು ಎರಡು ಸಂಜೆ ಹಿಡಿದುವು. ನಡುಗುವ ಕೈ, ಭೂತಗನ್ನಡಿ, ಹೆಂಡತಿ ಹಿಡಿದ ಟಾರ್ಚು. ಮೂರನೆಯ ಸಂಜೆ ಪರದೆಯ ಮೇಲೆ ಪ್ರಶ್ನೆ ಮಾಯವಾಗಿ ‘ಬೇಸಿಕ್’ ಎಂಬ ಹೆಸರೂ, ಆದೇಶಕ್ಕಾಗಿ ಕಾಯುವ ಚಿಹ್ನೆಯೂ ಕಂಡುವು.

ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬದಲಿಸಬಹುದು ಎಂಬ ಈ ಜಗಳ ದೊಡ್ಡವರಲ್ಲೂ ಇದೆ. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಎರಡು ಉದಾಹರಣೆಗಳಿವೆ. ಯುದ್ಧಕಾಲದ ಕೊಲೋಸಸ್ ಯಂತ್ರಗಳು ಯುದ್ಧಾನಂತರ ಬಿಚ್ಚಿಹೋಗಿದ್ದುವು. ಟೋನಿ ಸೇಲ್ ಎಂಬವರು ಕೆಲವು ಛಾಯಾಚಿತ್ರ, ಅಳಿದುಳಿದ ನಕ್ಷೆಗಳಿಂದ ಅದನ್ನು ಮತ್ತೆ ಕಟ್ಟಿ 2007ರಲ್ಲಿ ಮುಗಿಸಿದರು. ಅದು ಹೊಸ ದೇಹ. ಅದರ ನೆರೆಯಲ್ಲೇ ಇರುವ, 1951ರ ಹಾರ್ವೆಲ್ ಡೆಕಾಟ್ರಾನ್ ಎಂಬ ಎರಡೂವರೆ ಟನ್ನಿನ ಯಂತ್ರವನ್ನು ಅದರ ಮೂಲ ಭಾಗಗಳೊಡನೆಯೇ ದುರಸ್ತಿ ಮಾಡಿ 2012ರಲ್ಲಿ ನಡೆಸಿದರು. ನನ್ನ ಒಲವು ಎರಡನೆಯದರ ಕಡೆಗೆ. ಹಳದಿ ತಿರುಗಿದ ಪ್ಲಾಸ್ಟಿಕ್ಕಿಗೆ ಹೈಡ್ರೊಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವವರಿದ್ದಾರೆ, ನಾನು ಮಾಡಲಿಲ್ಲ. ಸವೆದ ಕೀಲಿಗಳನ್ನೂ ಹಾಗೆಯೇ ಬಿಟ್ಟಿದ್ದೇನೆ. ಅವು ಹೆಚ್ಚು ಸವೆದಿಲ್ಲ ಎಂಬುದೇ ನನಗೆ ನಾಚಿಕೆಯ ವಿಷಯ.

ಯಂತ್ರ ಉಳಿದರೂ ಅದರೊಳಗಿನ ಬರಹ ಉಳಿಯುತ್ತದೆಂಬ ಭರವಸೆಯಿಲ್ಲ. 1086ರಲ್ಲಿ ಇಂಗ್ಲೆಂಡಿನ ರಾಜನು ಬರೆಸಿದ ಡೂಮ್ಸ್‌ಡೇ ಎಂಬ ಭೂದಾಖಲೆಯ ಒಂಬೈನೂರನೆಯ ವರ್ಷದ ನೆನಪಿಗಾಗಿ, 1986ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಬಹುಪಾಲು ಶಾಲಾ ಮಕ್ಕಳು, ತಮ್ಮ ತಮ್ಮ ಊರಿನ ವಿವರಗಳನ್ನು ಬರೆದು ಕಳುಹಿಸಿದರು. ಅದನ್ನು ಲೇಸರ್ ಬಿಲ್ಲೆಗಳಲ್ಲಿ ತುಂಬಿ, ನನ್ನ ಯಂತ್ರದ ತಮ್ಮನಾದ ಬಿ.ಬಿ.ಸಿ. ಮಾಸ್ಟರಿನಲ್ಲಿ ಓದುವಂತೆ ಮಾಡಿದ್ದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಬಿಲ್ಲೆಗಳನ್ನು ಓದುವ ಯಂತ್ರಗಳು ವಿರಳವಾಗಿ, ಆ ಬರಹವನ್ನು ಉಳಿಸಲು ಸಂಶೋಧಕರು ಹೆಣಗಬೇಕಾಯಿತು. ಚರ್ಮದ ಹಾಳೆಯ ಮೇಲಿನ 1086ರ ಪುಸ್ತಕವನ್ನು ಇಂದಿಗೂ ಕಣ್ಣಿನಿಂದ ಓದಬಹುದು. ಹೊಗೆಯಟ್ಟದಲ್ಲಿ ಬಿದ್ದಿದ್ದ ನಮ್ಮ ತಾಳೆಯೋಲೆಗಳಿಗೆ ಎಣ್ಣೆ ಹಚ್ಚಿ ಒರೆಸಿದರೆ ಅಕ್ಷರ ಕಾಣುವುದಿಲ್ಲವೆ? ಆಯಸ್ಕಾಂತದ ಬರಹಕ್ಕೆ ಅಂಥ ಎಣ್ಣೆಯಿಲ್ಲ.

ನನ್ನಲ್ಲಿದ್ದುದು ಒಂದು ಬಿಸ್ಕತ್ತಿನ ಡಬ್ಬಿ. ಟೇಪ್ ರೆಕಾರ್ಡರಿನ ರಬ್ಬರು ಪಟ್ಟಿ ಕರಗಿ ಹಲಸಿನ ಮೇಣದಂತಾಗಿತ್ತು; ಬದಲಿಸಿದೆ. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಕ್ಯಾಸೆಟ್ಟುಗಳಲ್ಲಿ ಬಹುಪಾಲು ತರಬೇತಿಯ ಪಾಠಗಳು. ಒಂದರ ಮೇಲೆ ಮಾತ್ರ ಪೆನ್ಸಿಲಿನಲ್ಲಿ ಒಂದು ರೋಲ್ ನಂಬರು. ಆ ಕೈಬರಹವನ್ನು ಗಣಿತದ ಉತ್ತರ ಪತ್ರಿಕೆಗಳಲ್ಲಿ ನೋಡಿದ್ದೆ.

ಈ ಯಂತ್ರ ಟೇಪನ್ನು 256 ಬೈಟಿನ ತುಣುಕುಗಳಾಗಿ ಓದುತ್ತದೆ. ಒಂದೊಂದು ತುಣುಕಿಗೂ ಪರದೆಯ ಮೇಲೆ ಒಂದು ಸಂಖ್ಯೆ ಏರುತ್ತದೆ. ಸೊನ್ನೆಯಾಯಿತು, ಒಂದಾಯಿತು, ಎರಡರಲ್ಲಿ ‘ಡೇಟಾ?’ ಎಂದು ನಿಂತಿತು. ಟೇಪನ್ನು ಹಿಂದಕ್ಕೆ ಸುತ್ತೆಂದಿತು. ಸುತ್ತಿದೆ. ಹೆಡ್ಡಿನ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದೆ. ಮತ್ತೆ ನಿಂತಿತು, ಮತ್ತೆ ಸುತ್ತಿದೆ. ಆರನೆಯ ಪ್ರಯತ್ನದಲ್ಲಿ ಕೊನೆಯವರೆಗೆ ಓದಿತು. ಹೆಸರು: ಅಂಗಡಿ.

ಅದು ತಂದೆಯ ಅಂಗಡಿಯ ಲೆಕ್ಕ. ಯಂತ್ರಕ್ಕೆ ಕನ್ನಡ ಲಿಪಿ ಗೊತ್ತಿಲ್ಲದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ: ಅಕ್ಕಿ ಎಷ್ಟು ಸೇರು, ಬೆಲ್ಲ ಎಷ್ಟು ಅಚ್ಚು, ದರವೇನು ಎಂದು ಒಂದೊಂದಾಗಿ ಕೇಳಿತು. ಉತ್ತರ ಕೊಡುತ್ತ ಹೋದೆ. 1985ರ ದರಗಳು ನೆನಪಿಗೆ ಬಾರದೆ ಇಂದಿನವನ್ನೇ ಕೊಟ್ಟೆ. ಮೊತ್ತವನ್ನು ಸರಿಯಾಗಿ ಕೂಡಿ, ‘ನಗದೋ ಉದ್ರಿಯೋ’ ಎಂದು ಕೇಳಿತು. ನಗದು ಎಂದೆ, ‘ಬನ್ನಿ’ ಎಂದಿತು. ಇನ್ನೊಮ್ಮೆ ನಡೆಸಿ ಉದ್ರಿ ಎಂದೆ. 140ನೆಯ ಸಾಲಿನಲ್ಲಿ ‘ಅಂಥ ಸಾಲಿಲ್ಲ’ ಎಂಬ ಇಂಗ್ಲಿಷ್ ಸಂದೇಶ ತೋರಿಸಿ ನಿಂತಿತು. ಪಟ್ಟಿ ತೆಗೆದು ನೋಡಿದೆ. ಉದ್ರಿಯಾದರೆ 200ನೆಯ ಸಾಲಿಗೆ ಹೋಗು ಎಂದು ಹುಡುಗ ಬರೆದಿದ್ದ. 200ನೆಯ ಸಾಲನ್ನು ಬರೆದಿರಲಿಲ್ಲ. ಅದನ್ನು ಬರೆಯುವ ಹೊತ್ತಿಗೆ ನಾನು ಬೀಗದ ಕೈ ಕುಲುಕುತ್ತ ಅವನ ಬೆನ್ನ ಹಿಂದೆ ನಿಂತಿದ್ದಿರಬೇಕು.

ಎಸ್.ಎಸ್.ಎಲ್.ಸಿ. ಆದ ಮೇಲೆ ಅವನು ಅದೇ ಅಂಗಡಿಯಲ್ಲಿ ಕುಳಿತನೆಂದು ಕೇಳಿದ್ದೆ. ಪೇಟೆ ಬೀದಿಯಲ್ಲಿ ಅಂಗಡಿ ಈಗಲೂ ಇದೆ. ನಾನು ದಾರಿ ಬಳಸಿ ಓಡಾಡುತ್ತೇನೆ. ಬರುವ ಭಾನುವಾರ ಮಧ್ಯಾಹ್ನ, ಗಿರಾಕಿಗಳು ಕಡಿಮೆಯಿರುವ ಹೊತ್ತಿನಲ್ಲಿ, ಅಲ್ಲಿಗೆ ಹೋಗಬೇಕೆಂದಿದ್ದೇನೆ. ಯಂತ್ರ ಭಾರವಾದ್ದರಿಂದ ಆಟೋ ಹೇಳಿಟ್ಟಿದ್ದೇನೆ. ಮೇಜು ಅಂದಿಗೆ ಖಾಲಿಯಾಗುತ್ತದೆಂದು ಮನೆಯಾಕೆಗೂ ತಿಳಿಸಿದ್ದಾಗಿದೆ.