ಮನೆಗಂದಾಯ

ಮನೆಗಂದಾಯವು ದೂರದ ರಾಜಧಾನಿಯ ಬೊಕ್ಕಸಕ್ಕೆ ಸೇರುವುದೆಂದು ಭಾವಿಸುವವರುಂಟು. ಅದು ಹಾಗಲ್ಲ. ಗ್ರಾಮ ಪಂಚಾಯಿತಿಯೋ ಪುರಸಭೆಯೋ ಅದನ್ನು ವಸೂಲುಮಾಡಿ, ಆಯಾ ಊರಿನ ಬೀದಿದೀಪ, ಚರಂಡಿ, ನೈರ್ಮಲ್ಯಗಳಿಗೆ ವ್ಯಯಿಸುತ್ತದೆ.

ಹಿಂದೆ ಬೆಂಗಳೂರಿನಲ್ಲಿ, ಮನೆಗೆ ಬರಬಹುದಾದ ಬಾಡಿಗೆಯನ್ನು ಅಧಿಕಾರಿಯು ಅಂದಾಜುಮಾಡಿ ತೆರಿಗೆಯನ್ನು ಗೊತ್ತುಪಡಿಸುತ್ತಿದ್ದನು. ಒಂದೇ ಬಗೆಯ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬೀಳುವುದು ಅಪರೂಪವಾಗಿರಲಿಲ್ಲ. 2000ನೆಯ ಇಸವಿಯಲ್ಲಿ ಸ್ವಯಂ ಘೋಷಣೆಯ ಪದ್ಧತಿ ಬಂದಿತು. ಮನೆಯೊಡೆಯನೇ ಕಟ್ಟಡದ ವಿಸ್ತೀರ್ಣ, ಉಪಯೋಗ ಮೊದಲಾದವನ್ನು ನಮೂದಿಸಿ, ಲೆಕ್ಕಹಾಕಿ ಹಣ ಕಟ್ಟುವ ಕ್ರಮವಿದು. ನಂಬಿಕೆಯ ಮೇಲೆ ನಿಂತ ಈ ಕ್ರಮದಲ್ಲಿ, ಅಂಗಡಿಯನ್ನು ವಾಸದ ಕೋಣೆಯೆಂದು ಬರೆದವನು ವಂಚಿಸುವುದು ತನ್ನ ನೆರೆಹೊರೆಯನ್ನೇ.

ಇನ್ನೊಂದು ಮಾತು: ತೆರಿಗೆಯ ರಸೀದಿಯನ್ನು ಜೋಪಾನವಾಗಿಡಬೇಕು, ನಿಜ, ಆದರೆ ಅದು ಒಡೆತನದ ಪತ್ರವಲ್ಲ. ಮನೆ ಕೊಳ್ಳುವವರು ರಸೀದಿಯನ್ನಷ್ಟೇ ನೋಡದೆ, ನೋಂದಣಿಯಾದ ಕ್ರಯಪತ್ರಾದಿಗಳನ್ನೂ ಪರಿಶೀಲಿಸಬೇಕು.