ಹನ್ನೊಂದು ತಿಂಗಳಿಗೆ ಹದಿನೈದು ಸಾವಿರ

‘ಮೇಡಂ, ಈ ಗ್ಯಾಪ್ ಇದೆಯಲ್ಲ, ಇದು ಡೇಂಜರ್. ಎಕ್ಸ್‌ಪೀರಿಯನ್ಸ್ ಲೆಟರ್ ಹಾಕಿಬಿಡೋಣ. ರಾಜಾಜಿನಗರದಲ್ಲಿ ನಮ್ಮದೇ ಒಂದು ಕಂಪನಿ ಇದೆ. ಆಫರ್ ಲೆಟರ್, ಸ್ಯಾಲರಿ ಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲಾ ಸೇರಿ ಹದಿನೈದು ಸಾವಿರ.’

2023ರ ಜನವರಿ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯ ಗಾಜಿನ ಕೋಣೆ. ಎದುರಿಗೆ ಟೈ ಕಟ್ಟಿದ ಹುಡುಗ, ಪಕ್ಕದಲ್ಲಿ ತಿಪಟೂರಿನಿಂದ ಬೆಳಗಿನ ಪ್ಯಾಸೆಂಜರ್‌ಗೆ ಬಂದಿಳಿದಿದ್ದ ಅಪ್ಪ. ಅಪ್ಪನಿಗೆ ಅರ್ಧ ಮಾತು ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ‘ಹಾಕ್ಸಿಬಿಡವ್ವ, ಎಲ್ಲಾರೂ ಮಾಡ್ಸ್ತಾರಂತೆ’ ಅಂದರು.

ಗ್ಯಾಪ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಾನು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದ್ದು 2021ರ ಆಗಸ್ಟ್‌ನಲ್ಲಿ. ಅಕ್ಟೋಬರ್‌ನಲ್ಲಿ ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಅಲ್ಲಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ, ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು, ನಾನು ಆಸ್ಪತ್ರೆ, ಧರ್ಮಛತ್ರ ಮತ್ತು ಮೆಡಿಕಲ್ ಶಾಪ್‌ಗಳ ನಡುವೆ ಓಡಾಡಿಕೊಂಡಿದ್ದೆ. ತಮ್ಮ ಇನ್ನೂ ಪಿಯು, ಅಪ್ಪನಿಗೆ ತೋಟ. ಬೇರೆ ಯಾರೂ ಇರಲಿಲ್ಲ. ಅಮ್ಮ ಚೇತರಿಸಿಕೊಂಡ ಮೇಲೆ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಜರ್ಮನ್ ಕಲಿಯಲು ಶುರು ಮಾಡಿದೆ. ಆ ಹುಡುಗ ಸ್ಕ್ರೀನ್ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ ಖಾಲಿ ಜಾಗ ಅದೇ.

ಅವತ್ತು ನಾನು ‘ಯೋಚನೆ ಮಾಡಿ ಹೇಳ್ತೀನಿ’ ಅಂತ ಎದ್ದು ಬಂದೆ. ಆದರ್ಶದಿಂದ ಎದ್ದು ಬಂದೆ ಅಂತ ಬರೆದರೆ ಸುಳ್ಳಾಗುತ್ತದೆ. ಪರ್ಸಿನಲ್ಲಿ ಹದಿನೈದು ಸಾವಿರ ಇರಲಿಲ್ಲ, ಅಷ್ಟೇ. ನನ್ನ ಜೊತೆ ಪಿಜಿಯಲ್ಲಿದ್ದ ಗೆಳತಿಗೂ ಹೆಚ್ಚುಕಡಿಮೆ ಅಷ್ಟೇ ಉದ್ದದ ಗ್ಯಾಪ್ ಇತ್ತು. ಅವಳ ಬಳಿ ಹಣ ಇತ್ತು. ಅವಳು ಮಾಡಿಸಿದಳು.

ವೀಸಾ ಅರ್ಜಿಯ ಸುತ್ತ ಬೆಳೆದಿರುವ ಈ ಕಾಗದದ ಮಾರ್ಕೆಟ್ ಬಗ್ಗೆ ನನಗೆ ಆಮೇಲೆ ಒಂದೊಂದಾಗಿ ಗೊತ್ತಾಗುತ್ತಾ ಹೋಯಿತು. ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. ನಾನು ಹೊರಟ ವರ್ಷ ಅದು 11,208 ಯೂರೋ, ತಿಂಗಳಿಗೆ 934ರಂತೆ. ಈಗ ಇನ್ನೂ ಏರಿ 11,904 ಆಗಿದೆ. ರೂಪಾಯಿಗೆ ಬದಲಿಸಿದರೆ ಅವತ್ತೇ ಹತ್ತು ಲಕ್ಷ ದಾಟಿತ್ತು. ಶಿಕ್ಷಣ ಸಾಲ ಏಳೂವರೆ ಲಕ್ಷ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಅಪ್ಪ ತೋಟದ ಪಹಣಿ ಹಿಡಿದುಕೊಂಡು ಹೋದರು. ಕೃಷಿ ಜಮೀನು ಆಗೋದಿಲ್ಲ ಅಂದರು. ಕೊನೆಗೆ ಅಜ್ಜಿಯ ಹೆಸರಿನಲ್ಲಿದ್ದ ಊರಿನ ಮನೆ. ಅದಕ್ಕೆ ಇ-ಸ್ವತ್ತು ಆಗಿರಲಿಲ್ಲ. ಪಂಚಾಯಿತಿಯಿಂದ ನಮೂನೆ 9 ಮತ್ತು 11 ಕೈಗೆ ಬರುವಷ್ಟರಲ್ಲಿ ಅಪ್ಪನ ಎರಡು ಜೊತೆ ಚಪ್ಪಲಿ ಸವೆದಿದ್ದವು.

ಆ ಓಡಾಟದ ಮಧ್ಯೆಯೇ ಅದೇ ಕನ್ಸಲ್ಟೆನ್ಸಿಯಿಂದ ಫೋನ್. ‘ನಮ್ಮ ಫೈನಾನ್ಸರ್ ಒಬ್ಬರು ಮೂರು ತಿಂಗಳಿಗೆ ಪೂರ್ತಿ ದುಡ್ಡು ಹಾಕ್ತಾರೆ. ವೀಸಾ ಸ್ಟಾಂಪ್ ಆದಮೇಲೆ ತೆಗೆದುಕೊಳ್ತಾರೆ. ಬಡ್ಡಿ, ಕಮಿಷನ್ ಮಾತ್ರ ನಿಮ್ಮದು.’ ಕೇಳಲು ಎಷ್ಟು ಸಲೀಸು! ಆದರೆ ಜರ್ಮನಿಗೆ ಹೋದ ಮೇಲೆ ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ರೆಸಿಡೆನ್ಸ್ ಪರ್ಮಿಟ್ ಮಾಡಿಸುವಾಗ ಹಣ ಎಲ್ಲಿದೆ ಅಂತ ಮತ್ತೆ ತೋರಿಸಬೇಕು. ಆಗ ಫೈನಾನ್ಸರ್ ಎಲ್ಲಿರುತ್ತಾನೆ? ಈ ಪ್ರಶ್ನೆಗೆ ಫೋನಿನ ಆ ಕಡೆಯಿಂದ ಬಂದ ಉತ್ತರ ‘ಅದು ಆಮೇಲಿನ ಮಾತು ಮೇಡಂ.’

ಇನ್ನೊಂದು ಅಪೋಸ್ಟೀಲ್ ಕಥೆ. ಎಲ್ಲಾ ಅಂಕಪಟ್ಟಿಗಳಿಗೂ ಅಪೋಸ್ಟೀಲ್ ಕಡ್ಡಾಯ, ಒಂದೊಂದಕ್ಕೆ ಇಷ್ಟು ಅಂತ ಅವರು ಒಂದು ರೇಟ್ ಕಾರ್ಡನ್ನೇ ಕಳಿಸಿದ್ದರು. ನಾನು ಜರ್ಮನ್ ದೂತಾವಾಸದ ವೆಬ್‌ಸೈಟ್‌ನಲ್ಲಿದ್ದ ಸ್ಟೂಡೆಂಟ್ ವೀಸಾ ಚೆಕ್‌ಲಿಸ್ಟ್ ಪ್ರಿಂಟ್ ತೆಗೆದು ಸಾಲು ಸಾಲಾಗಿ ಓದಿದೆ. ಆ ಪದವೇ ಇಲ್ಲ. ಇನ್ನಷ್ಟು ಕೆದಕಿದಾಗ ತಮಾಷೆಯ ಸಂಗತಿ ಸಿಕ್ಕಿತು: 2005ರಲ್ಲಿ ಭಾರತ ಅಪೋಸ್ಟೀಲ್ ಒಪ್ಪಂದಕ್ಕೆ ಸೇರಿದಾಗ ಆಕ್ಷೇಪ ಎತ್ತಿದ ದೇಶಗಳಲ್ಲಿ ಜರ್ಮನಿಯೂ ಒಂದು! ಚೆಕ್‌ಲಿಸ್ಟ್‌ನಲ್ಲಿ ಇದ್ದದ್ದು ಎಪಿಎಸ್ ಪ್ರಮಾಣಪತ್ರ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳಿಗೆ ಅದು ಕಡ್ಡಾಯವಾಯಿತು. ಶುಲ್ಕ 18,000 ರೂಪಾಯಿ. ಇದು ನಮ್ಮ ಅಂಕಪಟ್ಟಿ, ಪದವಿ ಅಸಲಿಯೇ ಅಂತ ಪರಿಶೀಲಿಸುವ ವ್ಯವಸ್ಥೆ. ಮೊದಲ ತಿಂಗಳುಗಳಲ್ಲಿ ಅರ್ಜಿಗಳು ರಾಶಿ ಬಿದ್ದು, ಕಾಯುವವರೆಲ್ಲ ದಿನಕ್ಕೆ ಹತ್ತು ಸಲ ಇಮೇಲ್ ನೋಡುತ್ತಿದ್ದೆವು. ಸಿಟ್ಟು ಬಂದಿದ್ದು ನಿಜ. ಆದರೆ ರಾಜಾಜಿನಗರದ ‘ನಮ್ಮದೇ ಕಂಪನಿ’ಯನ್ನು ನೆನೆಸಿಕೊಂಡರೆ ಇಂಥದ್ದೊಂದು ತಪಾಸಣೆ ಯಾಕೆ ಬಂತು ಅಂತ ಯಾರನ್ನೂ ಕೇಳಬೇಕಾಗಿರಲಿಲ್ಲ.

ಜುಲೈನಲ್ಲಿ ನನ್ನ ಅಪಾಯಿಂಟ್‌ಮೆಂಟ್. ಅರ್ಜಿ ತೆಗೆದುಕೊಳ್ಳುವುದು ದೂತಾವಾಸವಲ್ಲ, ಅದರ ಪರವಾಗಿ ಕೆಲಸ ಮಾಡುವ ಹೊರಗುತ್ತಿಗೆ ಕೇಂದ್ರ. ಈ ವ್ಯತ್ಯಾಸ ನನಗೆ ಆ ದಿನದವರೆಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಕೇಂದ್ರದವರು ಕಾಗದ ಜೋಡಿಸುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ವೀಸಾ ಕೊಡುವ, ಬಿಡುವ ತೀರ್ಮಾನದಲ್ಲಿ ಅವರಿಗೆ ಪಾತ್ರವಿಲ್ಲ. ಆದರೆ ಗಾಜಿನಾಚೆ ಕೂತವರ ದನಿ ಕೇಳಿದರೆ ಹಾಗನ್ನಿಸುವುದಿಲ್ಲ.

‘ಇನಿಷಿಯಲ್ ಮ್ಯಾಚ್ ಆಗ್ತಿಲ್ಲ’ ಅಂದರು ಕೌಂಟರಿನಾಕೆ.

ನಮ್ಮ ಕಡೆಯ ಹೆಸರುಗಳ ಪಾಡು ನಿಮಗೆ ಗೊತ್ತೇ ಇದೆ. ನನ್ನ ಹೆಸರಿಗೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ಡಿಗ್ರಿಗೆ ಬಂತು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಊರು, ಅಪ್ಪ ಎಲ್ಲಾ ಸೇರಿ ನನ್ನ ಹೆಸರು ಗೂಡ್ಸ್ ರೈಲಿನಷ್ಟು ಉದ್ದ. ಉಪನಾಮದ ಜಾಗ ಖಾಲಿ ಬಿಟ್ಟವರ ಕಷ್ಟ ಇನ್ನೂ ಬೇರೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಅಂದಿತ್ತು. ನಮ್ಮೂರಿನ ಇಬ್ಬರು ಆಗ ಪಾಸ್‌ಪೋರ್ಟ್ ತಿದ್ದಿಸಲು ಓಡಾಡಿದ್ದರು.

‘ನೋಟರಿ ಅಫಿಡವಿಟ್ ಬೇಕು. ಇಲ್ಲಾಂದ್ರೆ ರಿಜೆಕ್ಟ್ ಆಗುತ್ತೆ. ಕೆಳಗಡೆ ಜೆರಾಕ್ಸ್ ಅಂಗಡೀಲಿ ಮಾಡಿಕೊಡ್ತಾರೆ, ಹೋಗಿ ಬನ್ನಿ.’

ಹೋದೆ. ಯಾಕೆಂದರೆ ‘ರಿಜೆಕ್ಟ್’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮನುಷ್ಯರ ಬುದ್ಧಿ ಕೆಲಸ ಮಾಡುವುದು ನಿಲ್ಲಿಸುತ್ತದೆ. ಅಂಗಡಿಯವನು ಡ್ರಾಯರ್ ಎಳೆದ. ಒಳಗೆ ಛಾಪಾ ಕಾಗದಗಳ ಕಟ್ಟು. ಪ್ರತಿಯೊಂದರ ಕೆಳಗೂ ನೋಟರಿಯ ಸೀಲು, ಸಹಿ ಆಗಲೇ ಬಿದ್ದಿತ್ತು. ಮೇಲೆ ಖಾಲಿ! ‘ಹೆಸರು ಹೇಳಿ, ಟೈಪ್ ಮಾಡ್ತೀನಿ. ಸಾವಿರದ ಎಂಟುನೂರು.’ ಊರಿನಲ್ಲಿ ತಾಲ್ಲೂಕು ಕಚೇರಿ ಎದುರು ನೋಟರಿ ವಕೀಲರು ಎದುರಿಗೆ ಕೂರಿಸಿಕೊಂಡು, ಆಧಾರ್ ನೋಡಿ, ಬೈದು ಮಾಡಿಕೊಡುವ ಅಫಿಡವಿಟ್‌ಗೆ ಅದರ ಕಾಲು ಭಾಗವೂ ಆಗುವುದಿಲ್ಲ. ಆದರೆ ನನ್ನನ್ನು ತಡೆದದ್ದು ದುಡ್ಡಲ್ಲ. ಯಾರ ಎದುರಿಗೋ ಪ್ರಮಾಣ ಮಾಡಿದ್ದೇನೆ ಅಂತ ನಾನು ಸಹಿ ಹಾಕಬೇಕು, ಆ ‘ಯಾರೋ’ ಅಲ್ಲಿ ಇರಲೇ ಇಲ್ಲ. ಹೆಸರು ಸರಿಹೋಗಲಿ ಅಂತ ಸಲ್ಲಿಸುವ ಕಾಗದವೇ ಖೊಟ್ಟಿಯಾದರೆ?

ಮತ್ತೆ ಮೇಲೆ ಬಂದು ಪ್ರಿಂಟ್ ತೆಗೆದಿಟ್ಟಿದ್ದ ಚೆಕ್‌ಲಿಸ್ಟ್ ಗಾಜಿನ ಕೆಳಗೆ ತೂರಿಸಿದೆ. ‘ಇದರಲ್ಲಿ ಅಫಿಡವಿಟ್ ಎಲ್ಲಿದೆ ತೋರಿಸ್ತೀರಾ ಮೇಡಂ? ಇಲ್ಲಾಂದ್ರೆ, ಬೇಕು ಅಂತ ಬರೆದು ಕೊಡ್ತೀರಾ?’ ನನ್ನ ದನಿ ನಡುಗುತ್ತಿತ್ತು. ಹಿಂದೆ ಕೂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆಕೆ ಎದ್ದು ಹೋಗಿ ಸೂಪರ್‌ವೈಸರ್ ಕರೆತಂದರು. ಅವರು ಜಗಳವನ್ನೇನೂ ಆಡಲಿಲ್ಲ. ಒಂದು ಹಾಳೆ ಮುಂದಿಟ್ಟರು: ದಾಖಲೆ ಕೊರತೆಯ ಬಗ್ಗೆ ತಿಳಿಸಲಾಗಿದೆ, ಆದರೂ ಅರ್ಜಿದಾರರು ಸಲ್ಲಿಸಲು ಇಚ್ಛಿಸಿದ್ದಾರೆ. ಇಂಥದ್ದೊಂದು ದಾರಿ ಮೊದಲಿನಿಂದಲೂ ಅಲ್ಲೇ ಇತ್ತು. ಕೇಳುವವರೆಗೆ ಯಾರೂ ಹೇಳಿರಲಿಲ್ಲ. ಏನು ಕೊರತೆ ಎಂಬ ಸಾಲಿನಲ್ಲಿ ‘ಇನಿಷಿಯಲ್ ಅಫಿಡವಿಟ್’ ಅಂತ ಅವರ ಕೈಯಲ್ಲೇ ಬರೆಸಿ, ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಂಡೆ.

ಕೌಂಟರಿನಾಕೆಗೆ ಅನ್ಯಾಯ ಮಾಡಬಾರದು, ಆದ್ದರಿಂದ ಇದನ್ನೂ ಹೇಳಬೇಕು. ಅದೇ ಆಕೆ ನನ್ನ ಇನ್ಶೂರೆನ್ಸ್ ನೋಡಿ, ‘ನಿಮ್ಮ ಪ್ರಯಾಣ ಸೆಪ್ಟೆಂಬರ್ 20, ಇನ್ಶೂರೆನ್ಸ್ ಅಕ್ಟೋಬರ್ 1ರಿಂದ. ಮಧ್ಯೆ ಹತ್ತು ದಿನ?’ ಅಂದರು. ಅದು ನೂರಕ್ಕೆ ನೂರು ನನ್ನ ತಪ್ಪು. ಮೊಬೈಲಿನಲ್ಲೇ ದಿನಾಂಕ ತಿದ್ದಿಸಿ ಪ್ರಿಂಟ್ ಕೊಟ್ಟೆ. ಗಾಜಿನಾಚೆಯಿಂದ ಬರುವ ಪ್ರತಿ ಮಾತೂ ಮೋಸ ಅಂದುಕೊಂಡು ಹೋಗಿದ್ದರೆ ಅಲ್ಲೇ ಎಡವುತ್ತಿದ್ದೆ. ಎಸ್ಸೆಮ್ಮೆಸ್, ಕೊರಿಯರ್, ಲೌಂಜ್ ಅಂತ ಕೇಳಿದಾಗ ಮಾತ್ರ ‘ಬೇಡ’ ಅಂದೆ. ಅವೆಲ್ಲ ಐಚ್ಛಿಕ, ಬೇಕಿದ್ದವರಿಗೆ.

ಕೊನೆಯಲ್ಲಿ ಇನ್ನೊಂದು ಹಾಳೆ ಬಂತು. ಸುಳ್ಳು ಅಥವಾ ಅಪೂರ್ಣ ಮಾಹಿತಿ ಕೊಟ್ಟರೆ ಜರ್ಮನಿಯಿಂದ ಹೊರಹಾಕಬಹುದು, ಇದನ್ನು ಓದಿ ತಿಳಿದಿದ್ದೇನೆ ಎಂಬ ಘೋಷಣೆ. ಅದಕ್ಕೆ ಸಹಿ ಹಾಕಬೇಕಾದವಳು ನಾನೇ. ಟೈ ಹುಡುಗನ ಹೆಸರು ಆ ಫೈಲಿನಲ್ಲಿ ಎಲ್ಲೂ ಇರುವುದಿಲ್ಲ. ಬೇರೆ ದೇಶಗಳಲ್ಲೂ ಇದೇ. ವಂಚನೆ ಸಾಬೀತಾದರೆ ಬ್ರಿಟನ್ ಹತ್ತು ವರ್ಷ, ಕೆನಡಾ ಐದು ವರ್ಷ ಬಾಗಿಲು ಹಾಕುತ್ತವೆ. ಅಮೆರಿಕದಲ್ಲಿ ಅದು ಜೀವನಪೂರ್ತಿಯ ಕಳಂಕವಾಗಬಹುದು. ನಾನು ಅರ್ಜಿ ಹಾಕಿದ ಆ 2023ರಲ್ಲೇ ಪಂಜಾಬಿನ ಎಷ್ಟೋ ವಿದ್ಯಾರ್ಥಿಗಳು ಕೆನಡಾದಲ್ಲಿ ಗಡಿಪಾರಿನ ನೋಟಿಸ್ ಹಿಡಿದು ಬೀದಿಯಲ್ಲಿ ಧರಣಿ ಕೂತಿದ್ದರು. ಅವರು ಹೋಗಿದ್ದು ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರದ ಮೇಲೆ. ಅದು ನಕಲಿ ಅಂತ ತಮಗೆ ಗೊತ್ತೇ ಇರಲಿಲ್ಲ ಎಂದು ಅವರು ಹೇಳಿಕೊಂಡರು. ಆ ವರ್ಷದ ಡಿಸೆಂಬರ್‌ನಿಂದ ಕೆನಡಾ ಪ್ರತಿ ಪ್ರವೇಶ ಪತ್ರವನ್ನೂ ನೇರ ಕಾಲೇಜಿನ ಜೊತೆಯೇ ಖಚಿತಪಡಿಸಿಕೊಳ್ಳುವ ನಿಯಮ ತಂದಿತು.

ಕೆಲಸಕ್ಕೆ ಅಂತ ಗಲ್ಫ್ ಕಡೆ ಹೊರಟವರಿಗೂ ಒಂದು ಮಾತು. ನನ್ನ ಚಿಕ್ಕಪ್ಪನ ಮಗನಿಗೆ ಏಜೆಂಟ್ ಖಾಲಿ ಹಾಳೆಗೆ ಸಹಿ ಕೇಳಿದ್ದ, ಪಾಸ್‌ಪೋರ್ಟ್ ‘ಸೇಫ್ಟಿಗೆ’ ತನ್ನ ಬಳಿಯೇ ಇರಲಿ ಅಂದಿದ್ದ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಏಜೆಂಟನ ಬೀರುವಿನದಲ್ಲ. 1983ರ ವಲಸೆ ಕಾಯ್ದೆಯಡಿ ನೋಂದಾಯಿತ ನೇಮಕಾತಿ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಿ ಕೇಳುವಂತಿಲ್ಲ. ಯಾರು ನೋಂದಾಯಿತರು ಎಂಬುದು ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ನಾವಿಬ್ಬರೂ ಹುಡುಕಿದಾಗ ಆ ಏಜೆಂಟನ ಹೆಸರು ಅಲ್ಲಿ ಇರಲಿಲ್ಲ. ಪಾಸ್‌ಪೋರ್ಟ್ ವಾಪಸ್ ಪಡೆಯಲು ಅಣ್ಣ ನಾಲ್ಕು ಸಲ ಹೋಗಿಬಂದ.

ನನ್ನ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಮೂರು ವಾರದ ನಂತರ ದೂತಾವಾಸದಿಂದ ಇಮೇಲ್. ಕೈ ತಣ್ಣಗಾಯಿತು. ಇನಿಷಿಯಲ್ ಬಗ್ಗೆ ಒಂದಕ್ಷರವೂ ಇರಲಿಲ್ಲ. ಕೇಳಿದ್ದು ಅದೇ ಹನ್ನೊಂದು ತಿಂಗಳ ಬಗ್ಗೆ. ಅರ್ಜಿಯ ಜೊತೆ ಅಮ್ಮನ ಕಾಯಿಲೆ ಬಗ್ಗೆ ಒಂದು ಪುಟ ಬರೆದು ಇಟ್ಟಿದ್ದೆ. ಅದಕ್ಕೆ ಆಧಾರವಾಗಿ ಏನಾದರೂ ದಾಖಲೆ ಇದೆಯೇ ಅಂತ ಪ್ರಶ್ನೆ. ಅಪ್ಪ ಟ್ರಂಕಿನಿಂದ ಡಿಸ್ಚಾರ್ಜ್ ಸಮ್ಮರಿ, ಕೀಮೋ ದಿನಾಂಕಗಳ ಕಾರ್ಡು ಎಲ್ಲಾ ಹುಡುಕಿ, ತಿಪಟೂರಿನ ಸೈಬರ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸಿದರು. ಕಾರ್ಡಿನ ಹಿಂದೆ ನಾನೇ ಪೆನ್ಸಿಲ್‌ನಲ್ಲಿ ಬರೆದಿದ್ದ ಎಳನೀರು, ಬ್ರೆಡ್ಡು, ಆಟೋ ಲೆಕ್ಕವೂ ಸ್ಕ್ಯಾನ್ ಆಗಿ ಹೋಗಿತ್ತು.

ವೀಸಾ ಬಂತು, ಆದರೆ ಸೆಪ್ಟೆಂಬರ್ ಕೊನೆಗೆ. ಇಪ್ಪತ್ತರ ಟಿಕೆಟ್ ರದ್ದು ಮಾಡಿಸಿದ ದುಡ್ಡು ಹೋಯಿತು, ಹಾಸ್ಟೆಲ್ ರೂಮು ಕೈತಪ್ಪಿತು. ಗೆಳತಿಗೆ ನನಗಿಂತ ಎರಡು ವಾರ ಮೊದಲೇ ಬಂದಿತ್ತು. ಆಕೆಯ ರಾಜಾಜಿನಗರದ ಪತ್ರವನ್ನು ಯಾರೂ ಏನೂ ಕೇಳಲಿಲ್ಲ. ಇದು ಹೇಳಲು ಮುಜುಗರ, ಆದರೆ ಆ ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಈಗ ನಾವಿಬ್ಬರೂ ಜರ್ಮನಿಯಲ್ಲೇ, ಬೇರೆ ಬೇರೆ ಊರಿನಲ್ಲಿದ್ದೇವೆ. ಕಳೆದ ತಿಂಗಳು ಅವಳ ಫೋನ್ ಬಂತು. ಒಳ್ಳೆಯ ಕಂಪನಿಯೊಂದರಲ್ಲಿ ಪಾರ್ಟ್ ಟೈಮ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಹಿಂದಿನ ಕಂಪನಿಯ ಮ್ಯಾನೇಜರ್ ಹೆಸರು, ಫೋನ್ ನಂಬರ್ ಕೊಡಿ, ಒಮ್ಮೆ ಮಾತಾಡುತ್ತೇವೆ ಅಂತ ಎಚ್‌ಆರ್ ಕೇಳಿದ್ದರಂತೆ. ಬೆಂಗಳೂರಿನ ಆ ಕನ್ಸಲ್ಟೆನ್ಸಿಯ ನಂಬರ್ ಸ್ವಿಚ್ ಆಫ್. ಸಿವಿಯಿಂದ ಆ ಸಾಲು ತೆಗೆದರೆ ವೀಸಾ ಫೈಲಿಗೂ ಇದಕ್ಕೂ ತಾಳೆಯಾಗುವುದಿಲ್ಲ, ಇಟ್ಟರೆ ಫೋನ್ ಎತ್ತಲು ಯಾರೂ ಇಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, ‘ನಿನ್ನ ಸಿವಿಯಲ್ಲಿ ಆ ತಿಂಗಳುಗಳಿಗೆ ಏನಂತ ಬರೆದಿದ್ದೀಯ?’

ಓದಿ ಹೇಳಿದೆ. ‘ಅಕ್ಟೋಬರ್ 2021ರಿಂದ ಆಗಸ್ಟ್ 2022: ತಾಯಿಯ ಆರೈಕೆ.’

‘ಅಷ್ಟೇನಾ?’

‘ಅಷ್ಟೇ.’