ನಿವೃತ್ತ ಶಕ್ತಿಮಾನ್‌ನ ಆರೈಕೆ

ಸೇನೆಯ ಹಳೆಯ ಲಾರಿಯನ್ನು ಹರಾಜಿನಲ್ಲಿ ಕೊಂಡು ತಂದವರು ಮೊದಲು ಮಾಡಬೇಕಾದ ಕೆಲಸ ಎಂಜಿನ್ ಬಿಚ್ಚುವುದಲ್ಲ, ಬಣ್ಣ ಬದಲಿಸುವುದು. ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು ಎನ್ನುತ್ತವೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಮೇಲ್ಮುಖ ಬಾಣದ ಗುರುತಿರುವ ಸೇನಾ ಸಂಖ್ಯೆಯೂ ಹೋಗಬೇಕು. ಸೇನಾ ಅಧಿಕಾರಿಗಳು ಕೊಡುವ ನಮೂನೆ 21ರ ಮಾರಾಟ ಪತ್ರ ಹಿಡಿದು ಆರ್‌ಟಿಓ ಕಚೇರಿಗೆ ಹೋಗಿ ಹೊಸ ಸಂಖ್ಯೆ ಪಡೆಯಬೇಕು. ಜಯನಗರದ ಕಚೇರಿಯದಾದರೆ ಅದು ಕೆಎ 05. ಆ ಪತ್ರವಿಲ್ಲದ ಲಾರಿ ಎಷ್ಟೇ ಗಟ್ಟಿಯಾಗಿದ್ದರೂ ಗುಜರಿಯ ಲೆಕ್ಕವೇ.

ಹೀಗೆ ನಾಗರಿಕರ ಕೈಗೆ ಬಂದ ಲಾರಿಗಳಲ್ಲಿ ಹೆಸರುವಾಸಿಯಾದದ್ದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪೆನಿಯ ಪರವಾನಗಿ ಪಡೆದು 1959ರಿಂದ ತಯಾರಾದ ಈ ಲಾರಿ, 1996ರವರೆಗೂ ಜಬಲ್ಪುರದ ಸರ್ಕಾರಿ ಕಾರ್ಖಾನೆಯಿಂದ ಹೊರಬರುತ್ತಿತ್ತು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ, ಆರು ಸಿಲಿಂಡರಿನ ಡೀಸೆಲ್. ಅದರ ಜಾಗಕ್ಕೆ ಮುಂದೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾ ಲಾರಿಗಳು ಬಂದವು.

ಸೇನೆಯಲ್ಲಿ ಇಷ್ಟು ವರ್ಷ ಬಾಳಿದ್ದು ಇನ್ನೂ ಬಾಳೀತು ಎಂಬುದು ಕೊಳ್ಳುವವರ ನಂಬಿಕೆ. ಅರ್ಧ ಮಾತ್ರ ನಿಜ. ಅಲ್ಲಿ ಲಾರಿಯನ್ನು ಬಾಳಿಸಿದ್ದು ಕಬ್ಬಿಣವೊಂದೇ ಅಲ್ಲ. ದಿನಬೆಳಗಾದರೆ ಎಣ್ಣೆ, ನೀರು, ಟೈರು ನೋಡುವ ಚಾಲಕ, ಆತನ ಮೇಲೆ ಘಟಕದ ಮೆಕ್ಯಾನಿಕ್, ದೊಡ್ಡ ರಿಪೇರಿಗೆ ಇಎಂಇ ದಳದ ವರ್ಕ್‌ಶಾಪು, ಮಾಡಿದ್ದಕ್ಕೆಲ್ಲ ಪುಸ್ತಕದಲ್ಲಿ ದಾಖಲೆ. ಹರಾಜಿನಲ್ಲಿ ಮಾರಾಟವಾಗುವುದು ಲಾರಿ ಮಾತ್ರ. ಈ ಪರಿವಾರ ಜೊತೆಗೆ ಬರುವುದಿಲ್ಲ. ಆನೆ ಕೊಂಡವರೇ ಮಾವುತರೂ ಆಗಬೇಕು.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರು ಅದೃಷ್ಟವಂತರು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಸಿಲಿಂಡರಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾದು ಕೆಂಡವಾಗುತ್ತದೆ. ಆ ಗಳಿಗೆಗೆ ಸರಿಯಾಗಿ ಡೀಸೆಲ್ಲಿನ ಸಣ್ಣ ತುಂತುರು ಬಿದ್ದರೆ ತಾನೇ ಹೊತ್ತಿಕೊಳ್ಳುತ್ತದೆ. ಎಷ್ಟು ಬೀಳಬೇಕು, ಯಾವಾಗ ಬೀಳಬೇಕು ಎಂಬುದನ್ನು ನಿರ್ಧರಿಸುವುದು ಇಂಧನ ಪಂಪು. ಅದರೊಳಗಿನ ಪ್ಲಂಜರಿಗೂ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು. ಎರಡನ್ನೂ ಜೋಡಿಯಾಗಿಯೇ ಮಾಡುತ್ತಾರೆ, ಜೋಡಿಯಾಗಿಯೇ ಬದಲಿಸುತ್ತಾರೆ. ಇಂಥ ಪಂಪುಗಳನ್ನು ದೇಶಕ್ಕೆಲ್ಲ ಒದಗಿಸಿದ್ದು ಆಡುಗೋಡಿಯ ಮೈಕೋ, 1951ರಲ್ಲಿ ಸ್ಥಾಪನೆಯಾದ ಕಂಪೆನಿ. ಅದರ ಹೆಸರು ಬಿಟಿಎಂ ಬಡಾವಣೆಯ ಮೈಕೋ ಲೇಔಟಿನಲ್ಲಿ ಇಂದಿಗೂ ಉಳಿದಿದೆ. ಕಂಪೆನಿ ಮಾತ್ರ 2008ರಲ್ಲಿ ಬಾಷ್ ಆಯಿತು, 2015ರಲ್ಲಿ ಬಿಡದಿಯಲ್ಲಿ ಹೊಸ ಕಾರ್ಖಾನೆ ತೆರೆಯಿತು. ಆಡುಗೋಡಿಯ ಆವರಣ ಈಗ ತಂತ್ರಜ್ಞಾನ ಕೇಂದ್ರ. ಈಗಿನ ಡೀಸೆಲ್ ವಾಹನಗಳ ಪಂಪನ್ನು ಕಂಪ್ಯೂಟರು ಆಳುತ್ತದೆ. ಹಳೆಯ ಪಂಪನ್ನು ಬೆಂಚಿನ ಮೇಲೆ ಕೂರಿಸಿ, ಆರು ಗಾಜಿನ ಕೊಳವೆಗಳಿಗೂ ಸಮನಾಗಿ ಡೀಸೆಲ್ ಬೀಳುವವರೆಗೆ ತಿರುಪು ಹೊಂದಿಸುವ ಕೈಗಳಿಗೆ ವಯಸ್ಸಾಗುತ್ತಿದೆ. ಶಕ್ತಿಮಾನ್ ಇಟ್ಟುಕೊಂಡವರಿಗೆ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವುದಕ್ಕಿಂತ ಇಂಥ ಕೈ ಹುಡುಕುವುದು ಹೆಚ್ಚಿನ ಚಿಂತೆ.

ಓಡಿಸಿದ್ದರಿಂದ ಕೆಟ್ಟ ಲಾರಿಗಳಿಗಿಂತ ನಿಲ್ಲಿಸಿದ್ದರಿಂದ ಕೆಟ್ಟವೇ ಹೆಚ್ಚು. ಜೆ.ಪಿ. ನಗರದ ಅಡ್ಡರಸ್ತೆಯಲ್ಲೋ ಬನಶಂಕರಿಯ ಖಾಲಿ ಸೈಟಿನಲ್ಲೋ ತಿಂಗಳುಗಟ್ಟಲೆ ನಿಂತ ಲಾರಿಯ ಅರೆಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ತಳಕ್ಕಿಳಿಯುತ್ತದೆ. ಆ ನೀರು ಪಂಪಿಗೆ ಹೋದರೆ ನುಣುಪಾದ ಉಕ್ಕಿಗೆ ತುಕ್ಕು. ಆದ್ದರಿಂದ ಟ್ಯಾಂಕು ತುಂಬಿಸಿಯೇ ನಿಲ್ಲಿಸಬೇಕು, ಫಿಲ್ಟರಿನ ತಳದ ನೀರು ಬಸಿಯಬೇಕು. ಪೈಪಿನಲ್ಲಿ ಎಲ್ಲೋ ಸಂದು ಬಿಟ್ಟರೆ 'ಏರ್ ಹಿಡಿಯುತ್ತದೆ', ಸ್ಟಾರ್ಟರು ಎಷ್ಟು ತಿರುಗಿದರೂ ಎಂಜಿನ್ ಏಳುವುದಿಲ್ಲ. ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಗಾಳಿ ಹೊರಹಾಕಬೇಕು. ಬ್ರೇಕಿನ ರಬ್ಬರು ಒಣಗಿ ಬಿರಿಯುವುದೂ ನಿಂತಲ್ಲೇ. ಹದಿನೈದು ದಿನಕ್ಕೊಮ್ಮೆ ಹತ್ತಿಪ್ಪತ್ತು ಕಿಲೋಮೀಟರು ಓಡಿಸುವುದು ಒಳ್ಳೆಯದು. ಆಗ ಹುಮ್ಮಸ್ಸಿನಿಂದ ಡಾಂಬರು ರಸ್ತೆಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ; ಕೆಸರಿನಲ್ಲಾದರೆ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಆ ಸೆಳೆತವೆಲ್ಲ ಗೇರುಗಳ ಮೇಲೆ.

ಸೇನೆ ಕೈಬಿಟ್ಟ ವಾಹನದ ಸಹವಾಸ ಕರ್ನಾಟಕಕ್ಕೆ ಹೊಸತಲ್ಲ. ಎರಡನೇ ಮಹಾಯುದ್ಧದ ನಂತರ ವಿಲೇವಾರಿಯಾದ ಲಾರಿಗಳು ಮಲೆನಾಡಿನ ಕೂಪುಗಳಲ್ಲಿ ದಿಮ್ಮಿ ಹೊತ್ತವು. ಜಬಲ್ಪುರದ್ದೇ ಆದ ಜೊಂಗಾ ಜೀಪು ಕೊಡಗಿನವರಿಗೆ ಅಚ್ಚುಮೆಚ್ಚು. ಆದರೆ ಜೊಂಗಾದ ಮೂಲ ಎಂಜಿನ್ ಪೆಟ್ರೋಲಿನದು, ಅದೂ ಸುಮಾರು ನಾಲ್ಕು ಲೀಟರಿನದು. ಪೆಟ್ರೋಲಿನ ಖರ್ಚು ತಾಳದೆ ಹಲವರು ಡೀಸೆಲ್ ಎಂಜಿನ್ ಕೂರಿಸಿದರು. ಹಾಗೆ ಬದಲಿಸಿದ್ದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪುಸ್ತಕದಲ್ಲಿ ನಮೂದಾಗಿರಬೇಕು. ಕೊಳ್ಳುವಾಗ ಬಾನೆಟ್ ಎತ್ತುವ ಮೊದಲು ಪುಸ್ತಕ ತೆರೆಯುವುದು ಜಾಣತನ.

2021ರಲ್ಲಿ ಬಂದ ವಿಂಟೇಜ್ ನಿಯಮ ಐವತ್ತು ವರ್ಷ ದಾಟಿದ ಕಾರು, ಮೋಟಾರ್ ಸೈಕಲ್‌ಗಳಿಗೆ ಬೇರೆಯೇ ಸಂಖ್ಯೆ ಕೊಟ್ಟು ಗೌರವಿಸಿತು. ಸರಕು ಲಾರಿ ಆ ಪಟ್ಟಿಯಲ್ಲಿಲ್ಲ. ಐವತ್ತು ತುಂಬಿದ ಶಕ್ತಿಮಾನೂ ಉಳಿದ ಹಳೆಯ ಲಾರಿಗಳ ಜೊತೆ ಸಾಲಿನಲ್ಲಿ ನಿಂತು ವರ್ಷಕ್ಕೊಮ್ಮೆ ಯೋಗ್ಯತಾ ಪತ್ರ ಪಡೆಯಬೇಕು. ಹೊಗೆ ಪರೀಕ್ಷೆಯಲ್ಲಿ ಕಪ್ಪು ಮಿತಿ ಮೀರಿತೋ, ಮತ್ತೆ ಪಂಪು ಬಿಚ್ಚಿ ಆ ಹಳೆಯ ಮೆಕ್ಯಾನಿಕ್ಕಿನ ಬಾಗಿಲಿಗೆ.